ಎಣಿಸದೆ ಹೇಳಿದ ಕಥೆ

ರೂತ್, ದಾನಿಯೇಲ, ನಮ್ಮ ಚಿಕ್ಕ ಸ್ನೇಹಾ,

ನಿಮ್ಮಜ್ಜಿಗೆ ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಚರ್ಚಿನಲ್ಲಿ ಎದ್ದು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಿ ಅಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗಿನ್ನೂ ಶ್ರೀರಾಂಪುರದಿಂದ ನಮ್ಮೂರಿಗೆ ಬಸ್ಸು ಇರಲಿಲ್ಲ. ಕುರಿಗಳು ನಡೆದದ್ದೇ ದಾರಿ. ನಮ್ಮ ಮನೆಯ ಮುಂದೆ ಮುಳ್ಳುಬೇಲಿ ಕಟ್ಟಿದ ಕುರಿರೊಪ್ಪ ಇತ್ತು. ಮಳೆ ಬಂದರೆ ಒದ್ದೆ ಉಣ್ಣೆಯ ವಾಸನೆ, ಬಿಸಿಲಿಗೆ ಹಿಕ್ಕೆಯ ವಾಸನೆ. ನಾವು ಮಕ್ಕಳು ಒಣಗಿದ ಕುರಿಹಿಕ್ಕೆಯನ್ನೇ ಕಾಯಿ ಮಾಡಿಕೊಂಡು ಅಳಗುಳಿ ಮಣೆ ಆಡಿ, ಅದೇ ಕೈಯಲ್ಲಿ ಹುರಿಗಡಲೆ ತಿನ್ನುತ್ತಿದ್ದೆವು. ಮುಖ ಸಿಂಡರಿಸಬೇಡಿ, ನಮಗೇನೂ ಆಗಲಿಲ್ಲ.

ನಮ್ಮ ಕಡೆ ಸೊಸೆ ಮಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಅವ್ವ ಬಾಗಿಲ ಹಿಂದಿನಿಂದ, "ಗೌರಿ, ಮುದ್ದೆ ಆರ್ತೈತೆ ಅಂತ ನಿಮ್ಮಜ್ಜಗೆ ಹೇಳು" ಅನ್ನುತ್ತಿದ್ದಳು. ಅಪ್ಪನ ಅಪ್ಪ, ಅಂದರೆ ನಮ್ಮಜ್ಜ, ಅಲ್ಲೇ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿರುತ್ತಿದ್ದ. ಆದರೂ ನಾನು ಹೋಗಿ ಹೇಳಿದ ಮೇಲೇ "ಬಂದೆ ಅನ್ನವ್ವ ನಿಮ್ಮವ್ವಂಗೆ" ಅನ್ನುತ್ತಿದ್ದ. ಮನೆಯ ಮಾತೆಲ್ಲ ನನ್ನ ಬಾಯಿಂದಲೇ ಹಾದುಹೋಗಬೇಕು.

ನನ್ನನ್ನು ಹೆತ್ತಾಗ ಅವ್ವ ಸಾಯುವ ಹಾಗಾಗಿ ಹೊಳಲ್ಕೆರೆಯ ಆಸ್ಪತ್ರೆ ಸೇರಿದ್ದಳಂತೆ. ಅಲ್ಲಿ ಒಬ್ಬ ನರ್ಸಮ್ಮ ದಿನಾ ಅವಳ ಪಕ್ಕ ಕೂತು ಪ್ರಾರ್ಥನೆ ಮಾಡಿದಳಂತೆ. ಅಂದಿನಿಂದ ಅವ್ವ ಯೇಸುವಿನವಳು. ಅಪ್ಪ ಬೇಡ ಅನ್ನಲಿಲ್ಲ, ಜೊತೆಗೆ ಬರಲೂ ಇಲ್ಲ. ಅಜ್ಜ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಭಾನುವಾರ ಅವ್ವ, ನಾನು ಶ್ರೀರಾಂಪುರಕ್ಕೆ ನಡೆದು ಹೋಗಿ ಪ್ರಾರ್ಥನೆ ಮುಗಿಸಿ ಬರುತ್ತಿದ್ದೆವು.

ಸುಗ್ಗಿ ಮುಗಿದ ಮೇಲೆ ಅಪ್ಪ, ಅಜ್ಜ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಕಡೆ ಹೋಗುತ್ತಿದ್ದರು. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ಗದ್ದೆಯವರು ಭತ್ತ ಕೊಡುತ್ತಿದ್ದರು. ತಿರುಗಿ ಬರುವುದು ಮುಂಗಾರಿನ ಮೊದಲ ಮಳೆಗೆ. ನಾನು ಹೇಳಹೊರಟ ವರ್ಷ ಅಜ್ಜನಿಗೆ ಕೆಮ್ಮು. ಹಿಂದಿನ ವರ್ಷ ಹೀಗೇ ಕೆಮ್ಮುತ್ತ ಹೊರಟಿದ್ದ ಪಕ್ಕದ ಮನೆಯ ಕರಿಯಣ್ಣತಾತ ನಾಲೆಯ ದಂಡೆಯಲ್ಲೇ ತೀರಿಹೋಗಿದ್ದ. ಊರಿಗೆ ಅವನ ಕಂಬಳಿ ಮಾತ್ರ ಬಂದಿತ್ತು.

ಅವರು ಹೊರಡುವ ಮುಂಚಿನ ಭಾನುವಾರ ಚರ್ಚಿನ ಕಮಲಮ್ಮ ಟೀಚರ್ ಮಕ್ಕಳಿಗೆ ಬೈಬಲಿನ ಕಳೆದುಹೋದ ಕುರಿಯ ಕಥೆ ಹೇಳಿ, "ಮೊದಲು ಮನೆಯವರಿಗೆ ಹೇಳಿ, ನಾಳೆ ಅನ್ನಬೇಡಿ" ಅಂದರು. ನನಗೆ ಅಜ್ಜನ ಕೆಮ್ಮು ನೆನಪಾಯಿತು.

"ಅವ್ವ, ಅಜ್ಜಗೆ ಯೇಸಪ್ಪನ ಸುದ್ದಿ ಯಾರು ಹೇಳ್ತಾರೆ?"

"ಮಾವನ ತಾವ ನಾನ್ ಹೆಂಗೆ ಮಾತಾಡ್ಲವ್ವ?"

"ಮುದ್ದೆ ಆತು ಅಂತ ನಾನೇ ಹೇಳಲ್ವಾ? ಇದ್ನೂ ನಾನೇ ಹೇಳ್ತೀನಿ."

ಅವ್ವ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಹೊರಡುವ ಹಿಂದಿನ ಸಂಜೆ ಅಜ್ಜ ರೊಪ್ಪದಲ್ಲಿ ಮರಿಗಳನ್ನು ತಾಯಿಗಳಿಗೆ ಬಿಡುತ್ತಿದ್ದ. ನಾನು ಬೇಲಿ ಹಿಡಿದು ಶುರು ಮಾಡಿದೆ. "ಅಜ್ಜ, ಒಬ್ಬ ಕುರಿ ಕಾಯೋನ ತಾವ ನೂರು ಕುರಿ ಇದ್ವಂತೆ. ಸಂಜೆ ಎಣಿಸ್ತಾನೆ, ತೊಂಬತ್ತ…"

"ಲೇ ಲೇ, ಬಾಯ್ ಮುಚ್ಚೇ! ಹೊರಡೋ ಹೊತ್ನಾಗೆ ರೊಪ್ಪದಾಗೆ ನಿಂತ್ಕಂಡು ಎಣಿಕೆ ಮಾತಾಡ್ತಾರೇನೇ? ಎಣಿಸಿದ ಮಂದೆ ಕರಗ್ತೈತೆ!" ಅಂದವನೇ ಮಂದೆಯ ಕಡೆ ತಿರುಗಿ ಥೂ ಥೂ ಅಂತ ದೃಷ್ಟಿ ತೆಗೆದ.

ನಮ್ಮವರು ಕುರಿ ಎಣಿಸುತ್ತಿರಲಿಲ್ಲ. ಒಂದೊಂದರ ಮುಖವೂ ಗೊತ್ತಿದ್ದವರಿಗೆ ಲೆಕ್ಕ ಯಾಕೆ? ಅದು ಗೊತ್ತಿದ್ದೂ ಅವಸರದಲ್ಲಿ ನನಗೆ ಮರೆತುಹೋಗಿತ್ತು. ಅಳುತ್ತ ಒಳಗೆ ಓಡಿದೆ. ಬೆಳಗಾದರೆ ಅಜ್ಜ ಹೊರಟುಬಿಡುತ್ತಾನೆ, ಕಥೆ ಬಾಯಲ್ಲೇ ಉಳಿಯಿತು.

ಅವ್ವ ಬುತ್ತಿಯ ರೊಟ್ಟಿ ಬೇಯಿಸುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಎಣಿಕೆ ಬಿಟ್ಟು ಹೇಳವ್ವ" ಅಂದಳು.

ಬೆಳಿಗ್ಗೆ ಮಂದೆಯ ಜೊತೆ ಹಳ್ಳದ ತನಕ ನಡೆದೆ. ಗಂಟೆಗಳ ಸದ್ದು, ಧೂಳು, ಮುಂದೆ ಅಪ್ಪ, ಹಿಂದೆ ಕೆಮ್ಮುತ್ತ ಅಜ್ಜ.

"ಅಜ್ಜ, ಒಬ್ಬ ಕುರಿ ಕಾಯೋನಿದ್ದ. ಸಂಜೆ ಮಂದೆ ರೊಪ್ಪಕ್ಕೆ ಬಂತು. ಒಂದು ಮುಖ ಕಾಣ್ಲಿಲ್ಲ."

ಅಜ್ಜ ನಿಂತುಬಿಟ್ಟ. "ಯಾವುದು? ಗಬ್ಬದ್ದೋ, ಮರಿಯೋ?"

"ಗೊತ್ತಿಲ್ಲ. ಮಿಕ್ಕಿದ್ದೆಲ್ಲಾ ಬಿಟ್ಟು ಅದನ್ನ ಹುಡುಕ್ಕೊಂಡು ಹೋದ."

"ಮಿಕ್ಕಿದ್ನ ಯಾರ ತಾವ ಬಿಟ್ಟ? ತೋಳದ ಬಾಯಿಗಾ?"

ಟೀಚರ್ ಅದನ್ನು ಹೇಳಿರಲಿಲ್ಲ. ಅಜ್ಜ ತಾನೇ ಯೋಚಿಸಿ, "ಅವನಪ್ಪ ಇದ್ದಿರ್ಬೇಕು ಬಿಡು. ಅಪ್ಪ ಮಂದೆ ತಾವ ಕುಂತು ಮಗನ್ನ ಕಳಿಸಿರ್ತಾನೆ. ನಾನೂ ನಿಮ್ಮಪ್ಪನ್ನೇ ಅಲ್ವಾ ಕಳಿಸಾದು?" ಅಂದ.

"ಹೂಂ, ಮುಳ್ಳು ತುಳಿಯಾಕೆ ನಾನು, ಕುಂತು ಬೀಡಿ ಸೇದಾಕೆ ಇವ್ನು" ಎಂದು ಅಪ್ಪ ಮುಂದಿನಿಂದ ಕೂಗಿದ.

"ನೀ ಮುಚ್ಚಲೇ. ಸಿಕ್ತೇನವ್ವ ಕುರಿ?"

"ಸಿಕ್ತು. ಹೆಗಲ ಮೇಲೆ ಹೊತ್ಕಂಡು ಬಂದ."

"ಹೊಡೀಲಿಲ್ವಾ?"

"ಇಲ್ಲ ಅಜ್ಜ."

"ಒಳ್ಳೇನು. ಯಾವೂರೋನು?"

"ಅವ್ವ ಪ್ರಾರ್ಥನೆ ಮಾಡ್ತಾಳಲ್ಲ, ಆ ಯೇಸಪ್ಪ. ನಿನ್ನೂ ಹುಡುಕ್ತಾವ್ನೆ ಅಜ್ಜ."

ಅಜ್ಜ ಕಂಬಳಿ ಹೆಗಲಿಗೇರಿಸಿದ. ನನ್ನ ತಲೆಯ ಮೇಲೆ ಕೈಯಿಟ್ಟ. ಕೋಲು ಊರಿಕೊಂಡು ಹಳ್ಳ ಇಳಿದುಹೋದ.

ಆ ಬೇಸಿಗೆಯೆಲ್ಲ ಅವ್ವ ಮಂಡಿಯೂರಿದಾಗ ನಾನೂ ಪಕ್ಕದಲ್ಲಿ ಮಂಡಿಯೂರುತ್ತಿದ್ದೆ. ನಾಲೆಯ ಕಡೆಯಿಂದ ಯಾರು ಬಂದರೂ ಅವರ ಹೆಗಲ ಮೇಲಿನ ಕಂಬಳಿಯನ್ನೇ ನೋಡುತ್ತಿದ್ದೆ.

ಮೊದಲ ಮಳೆಯ ಮಾರನೆ ದಿನ ಮಂದೆಯ ಗಂಟೆ ಕೇಳಿಸಿತು. ಅಜ್ಜ ಸೊರಗಿದ್ದ, ಆದರೆ ನಡೆದೇ ಬಂದಿದ್ದ. ಕೈಕಾಲು ತೊಳೆದು ಜಗಲಿಯಲ್ಲಿ ಕೂತವನು ಬಾಗಿಲ ಕಡೆ ತಿರುಗಿ ಅಂದ: "ಆ ಹುಡುಕೋನ ಸುದ್ದಿ ಇನ್ನೂ ಐತಾ? ದಂಡೇಲಿ ಕೆಮ್ಮು ಹೆಚ್ಚಾದಾಗೆಲ್ಲ ಅದೇ ನೆನಪು."

ಬಾಗಿಲ ಹಿಂದೆ ಅವ್ವನ ಬಳೆ ಸದ್ದಾಯಿತು. "ಗೌರಿ, ನಿಮ್ಮಜ್ಜಗೆ ಹೇಳು…"

"ಗೌರಿ ಆಡಾಕೆ ಹೋಗ್ಲಿ" ಅಂದ ಅಜ್ಜ. "ನೀನೇ ಬಂದು ಹೇಳು ತಾಯಿ."

ಅವ್ವ ಸೆರಗು ಹೊದ್ದುಕೊಂಡು ಹೊರಗೆ ಬಂದಳು. ಕಂಬದ ಪಕ್ಕ ಕೂತಳು. ಮೊದಮೊದಲು ಅವಳ ದನಿ ನಡುಗುತ್ತಿತ್ತು, ಆಮೇಲೆ ನಡುಗಲಿಲ್ಲ. ನಾನು ಆಡಲು ಹೋಗಲಿಲ್ಲ.

ಮುಂದೆ ಅಜ್ಜ ದೀಕ್ಷಾಸ್ನಾನ ತೆಗೆದುಕೊಂಡು ಯೇಸುವಿನವನಾದ. ಹಟ್ಟಿಯವರು ನಕ್ಕರು, ಬೈದರು, ಆಮೇಲೆ ಸುಮ್ಮನಾದರು. ಅಪ್ಪ ಆ ದಾರಿಗೆ ಬಂದದ್ದು ಅಜ್ಜ ತೀರಿಕೊಂಡ ಮೇಲೆ.

ಈಗ ನಮ್ಮೂರಿನಲ್ಲಿ ಮಂದೆ ಕಟ್ಟಿದವರಿಲ್ಲ. ರೊಪ್ಪವಿದ್ದಲ್ಲಿ ಸಿಮೆಂಟ್ ರಸ್ತೆ, ಗುಡ್ಡದ ಮೇಲೆ ಗಾಳಿಯಂತ್ರ. ಸೊಸೆಯಂದಿರು ಬಾಗಿಲ ಹಿಂದೆ ನಿಲ್ಲುವುದಿಲ್ಲ, ಅದು ಹೋದದ್ದೇ ಒಳ್ಳೆಯದು. ಆದರೆ ಒಂದು ಮಾತಿಗಾಗಿ ಹಳ್ಳದ ತನಕ ಜೊತೆಗೆ ನಡೆಯುವ ಪುರಸೊತ್ತೂ ಅದರ ಜೊತೆಗೇ ಹೋಯಿತು. ಫೋನಿನಲ್ಲಿ ನಿಮ್ಮ ಮುಖ ಕಂಡರೆ "ಊಟ ಆಯ್ತಾ" ಅನ್ನುತ್ತೇನೆ, ನೀವು "ಆಯ್ತಜ್ಜಿ" ಅನ್ನುತ್ತೀರಿ, ಅಷ್ಟರಲ್ಲಿ ಯಾರೋ ಕರೆಯುತ್ತಾರೆ. ನಿಮ್ಮ ತಾತ ಹೋದಮೇಲೆ ನನಗೂ ಆಗಿನ ಅವಸರವೇ ಬಂದಿದೆ. ನನಗೆ ಯೇಸು ಯಾರು ಅನ್ನುವುದನ್ನು ನಿಮಗೆ ಹೇಳದೆ ಹೋಗಲಾರೆ. ನಂಬುವುದು ಬಿಡುವುದು ನಿಮ್ಮದು. ನಂಬುತ್ತೀರಿ ಅಂತ ನನ್ನ ಮನಸ್ಸು ಹೇಳುತ್ತದೆ.

ನನ್ನ ಅಕ್ಷರ ಅಂಕುಡೊಂಕು, ನಿಧಾನಕ್ಕೆ ಓದಿಕೊಳ್ಳಿ. ಓದಿದ ಮೇಲೆ ಹಾಳೆಗಳನ್ನು ಮಡಚಿ ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳಾ.