ಸಾಹೇಬರ ಬಾಗಿಲಿಗೆ ಅಂಟಿಸಿದ ಚೀಟಿ

ತಿಪ್ಪೇಸ್ವಾಮಣ್ಣ, ಆ ಚೀಟಿ ಬರೆದವಳು ನಾನು. ಮ್ಯಾನೇಜರ್ ಬಾಗಿಲಿಗೆ ಅಂಟಿಸಿದವಳೂ ನಾನೇ. ಆರು ವರ್ಷದಿಂದ ನೀವು ಹೊತ್ತಿರುವ ತಪ್ಪು ನನ್ನದು.

ಚಿತ್ರದುರ್ಗದ ಆ ವಿಮಾ ಕಚೇರಿಯಲ್ಲಿ ನಿಮ್ಮ ಮೇಜಿಗೂ ನನ್ನ ಮೇಜಿಗೂ ನಡುವೆ ಎದೆಮಟ್ಟದ ಪ್ಲೈವುಡ್ ಅಡ್ಡಗೋಡೆ. ದಿನವಿಡೀ ಅದೇ ಕಂಪ್ಯೂಟರು, ಅವೇ ಅರ್ಜಿಗಳು. ಹೊಸದಾಗಿ ಸೇರಿದ್ದ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಅದಕ್ಕೇ ಹೆಸರಿಲ್ಲದ ಚೀಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸತೊಡಗಿದೆ. 'ಹಿಂದಿನ ಮೀಟಿಂಗ್ ಯಾಕೆ ಮಾಡಿದೆವೆಂದು ತಿಳಿಯಲು ಇವತ್ತು ಮೂರಕ್ಕೆ ಮೀಟಿಂಗ್.' ಅದನ್ನು ಓದಿ ಬಂದು, ಕುರ್ಚಿ ಕಿರುಗುಟ್ಟುವಂತೆ ನಕ್ಕಿರಿ ನೀವು. ನಿಜ ಹೇಳಲೇ — ಆಮೇಲೆ ಬರೆದದ್ದೆಲ್ಲ ಆ ನಗು ಕೇಳುವುದಕ್ಕೇ.

ಆ ದಿನ ಮ್ಯಾನೇಜರ್ ಬಾಗಿಲಿಗೆ ಬರೆದದ್ದು: 'ಸಾಹೇಬರು ಯೋಚಿಸುತ್ತಿದ್ದಾರೆ. ಗೊರಕೆ ಕೇಳಿದರೆ ಗಾಬರಿಯಾಗಬೇಡಿ.' ನಿಮ್ಮಿಂದಲೇ ಇಸಕೊಂಡಿದ್ದ ಹಸಿರು ಪೆನ್ನಿನಲ್ಲಿ. ಮೊದಲು ಅದನ್ನು ಓದಿದವರು ತಪಾಸಣೆಗೆ ಬಂದ ಮೇಲಧಿಕಾರಿ!

ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ ಕೇಳಿದರು: "ಈ ಹಸಿರು ಇಂಕು ಯಾರದ್ರೀ?"

"ಪೆನ್ನು ನಂದೇ ಐತೆ ಸಾರ್. ಬರ್ದೋನು ನಾನಲ್ಲ," ಅಂದಿರಿ.

ಯಾರೂ ನಂಬಲಿಲ್ಲ. ಪೆನ್ನು ಯಾರ ಕೈಗೆ ಕೊಟ್ಟಿದ್ದಿರೆಂದು ನಿಮಗೆ ಗೊತ್ತಿತ್ತು — ಆದರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕಂಪ್ಯೂಟರ್ ನೋಡುತ್ತಾ ನಿಂತೆ. ಹೆದರಿದ್ದೆ ಎನ್ನಬಹುದು. ಆ ಹೆದರಿಕೆ ಒಂದು ವಾರದ್ದು. ಉಳಿದ ವರ್ಷಗಳು —

ನಿಮ್ಮನ್ನು ಹೊಸದುರ್ಗಕ್ಕೆ ಹಾಕಿದರು. ಹೊರಡುವ ದಿನ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತಾ ಮೆಲ್ಲಗೆ ಅಂದಿರಿ: "ಬರಿಯೋದು ಬಿಡಬ್ಯಾಡ ಗೀತಮ್ಮ. ಇಲ್ಲಿ ನಗಾಕೆ ಇನ್ನೇನೈತೆ?"

ನಾನು ಮತ್ತೆ ಒಂದು ಸಾಲೂ ಬರೆಯಲಿಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ನಿಮ್ಮ ಮಗಳು ಸಿಕ್ಕಳು. ನೀವು ವರ್ಗವಾದಾಗ ಅವಳದು ಎಸ್ಸೆಸ್ಸೆಲ್ಸಿ. ಸಂಜೆ ಲೆಕ್ಕ ಹೇಳಿಕೊಡುತ್ತಿದ್ದವರು ನೀವು. "ಸಾಹೇಬ್ರನ್ನ ಆಡಿಕೊಳ್ಳದಿದ್ರೆ ಅಪ್ಪ ಊರಲ್ಲೇ ಇರ್ತಿತ್ತಲ್ಲ ಆಂಟಿ," ಅಂದಳು. ಮಗಳಿಗೂ ನೀವು ಹೇಳಿಲ್ಲ! ನನ್ನ ಹೆಸರನ್ನು ನಿಮ್ಮ ಮನೆಯೊಳಗೂ ಕಾಪಾಡಿದ್ದೀರಿ. ನಾನು ಆಗಲೂ — ಬಸ್ಸು ಬಂತೆಂದು ಹೊರಟೆ.

ಇವತ್ತು ಮ್ಯಾನೇಜರಿಗೆ ನಡೆದದ್ದೆಲ್ಲ ಬರೆದು, ಸಹಿ ಹಾಕಿ ಕೊಟ್ಟಿದ್ದೇನೆ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಮಗಳ ಎದುರು ಕುಳಿತು ನಾನೇ ಹೇಳಬೇಕು. ಆಗ ನೀವು 'ಹೋಗ್ಲಿ ಬಿಡಮ್ಮ' ಅನ್ನುತ್ತೀರಿ, ನನಗೆ ಗೊತ್ತು.

ದಯವಿಟ್ಟು ಅನ್ನಬೇಡಿ, ಅಣ್ಣ.