ವಾಷರ್ ಕೂಡುವ ತನಕ

೧೯೭೭ರ ಮಾರ್ಚ್. ಹುಮನಾಬಾದಿನ ಒಂದು ವರ್ಕ್‌ಶಾಪಿನಲ್ಲಿ ನಾನು ಹೆಡ್ ಮಿಸ್ತ್ರಿ. ಆಯಿಲ್ ಎಂಜಿನ್, ಕಬ್ಬಿನ ಗಾಣ, ಜೋಳದ ರಾಶಿ ಮಾಡುವ ಮಷೀನು, ಇವುಗಳ ರಿಪೇರಿ ನಮ್ಮ ಕೆಲಸ. ವಯಸ್ಸು ಮೂವತ್ತೆರಡು, ತಲೆಯಲ್ಲಿ ಸೊಕ್ಕು, ಕಾಲಲ್ಲಿ ಚಕ್ರ. ಒಂದು ಕಪ್ ಚಹಾ ಪೂರ್ತಿ ಕೂತು ಕುಡಿದ ನೆನಪಿಲ್ಲ. ಇನ್ನು ಚೀಟಿ ಬರೆಯುವುದೆಂದರೆ ಕೇಳಲೇಬೇಡಿ, ಎರಡು ಸಾಲಿಗಿಂತ ಹೆಚ್ಚು ಗೀಚಿದವನಲ್ಲ.

ಬಸವಕಲ್ಯಾಣದ ಕಾಶೆಪ್ಪ ಎಂಬ ರೈತರ ರಾಶಿ ಮಷೀನು ಸುಗ್ಗಿಯ ನಡುವೆ ಕೆಟ್ಟು ನಿಂತಿತ್ತು. ಕಾಳಿನಿಂದ ಹೊಟ್ಟು ಹಾರಿಸುವ ದೊಡ್ಡ ಫ್ಯಾನಿಗೆ ಬ್ಲೋವರ್ ಎನ್ನುತ್ತೇವೆ. ಅದರ ಬೇರಿಂಗನ್ನು ಹಿಡಿದುಕೊಳ್ಳುವ ದುಂಡನೆಯ ತಟ್ಟೆ ಒಡೆದಿತ್ತು. ಬೀಡು ಕಬ್ಬಿಣದ ಹೊಸ ತಟ್ಟೆಯನ್ನು ಹೈದರಾಬಾದಿನಿಂದ ತರಿಸಿದೆವು. ಸಿಕ್ಕಿದ್ದು ಒಂದೇ, ಇನ್ನೊಂದು ಬೇಕೆಂದರೆ ಎಂಟು ದಿನ. ನನಗೆ ಅಂದು ಚಿಟಗುಪ್ಪದಲ್ಲಿ ಬೇರೆ ಕೆಲಸವಿತ್ತು. ತಟ್ಟೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ ಕಂಡಕ್ಟರರ ಕೈಗೆ ಕೊಟ್ಟು, ಅಲ್ಲಿ ಅದನ್ನು ಕೂಡಿಸಬೇಕಾದ ಮೋನಪ್ಪ ಬಡಿಗೇರರಿಗೆ ಚೀಟಿ ಬರೆದೆ: ‘ನಾಲ್ಕೂ ಬೋಲ್ಟ್ ಹಾಕಿ, ವಾಷರ್ ಕೂಡುವ ತನಕ ಬಿಗಿಯಿರಿ.’

ಮೋನಪ್ಪ ಅರವತ್ತರ ಮನುಷ್ಯ. ಬಡಗಿತನದ ಜೊತೆ ಮನೆಯಲ್ಲಿ ಕುಲುಮೆಯೂ ಇತ್ತು. ಸುತ್ತಲ ಹಳ್ಳಿಗಳ ಎತ್ತಿನ ಗಾಡಿಗಳೆಲ್ಲ ಅವರ ಕೈಯವು. ಟ್ರ್ಯಾಕ್ಟರ್ ಬಂದು ಗಾಡಿ ಕೇಳುವವರು ಕಡಿಮೆಯಾದ ಮೇಲೆ ಮಷೀನು ಬಿಚ್ಚುವುದು, ಕೂಡಿಸುವುದು ಕಲಿಯತೊಡಗಿದ್ದರು. ಆ ವಯಸ್ಸಿನಲ್ಲಿ ಅದು ಅವರ ಎರಡನೇ ಜೀವನ.

ಮರುದಿನ ಬೆಳಿಗ್ಗೆ ಅದೇ ಕಂಡಕ್ಟರ್ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, “ಮಿಸ್ತ್ರೀರ, ನಿಮ್ಮ ಹೊಸಾ ಸಾಮಾನ ಸೀಳ್ಯಾದಂತ್ರಿ. ಜಲ್ದಿ ಬರಬೇಕಂತ” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲ ಬಸ್ ಹತ್ತಿದೆ. ಸೀಟು ಖಾಲಿ ಇದ್ದರೂ ಬಸವಕಲ್ಯಾಣಕ್ಕೆ ತಿರುಗುವ ಬಂಗ್ಲಾ ಕ್ರಾಸಿನವರೆಗೆ ನಿಂತೇ ಹೋದೆ. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು. ಕಣದಲ್ಲಿ ತೆನೆ ಬಿದ್ದಿರುವಾಗ ಮಳೆ ಬಿದ್ದರೆ ಜೋಳವೆಲ್ಲ ಕಪ್ಪಾಗುತ್ತದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮೋನಪ್ಪನವರನ್ನು ಬೈದೆ. ಮುದುಕನಿಗೆ ಯಾಕೆ ಬೇಕಿತ್ತು ಈ ಉಸಾಬರಿ ಎಂದುಕೊಂಡೆ.

ಕಣದಲ್ಲಿ ಕಾಶೆಪ್ಪ ನನಗಿಂತ ಮೊದಲೇ ಶುರು ಮಾಡಿದ್ದರು. “ಗಾಡಿ ಬಡಿಯೋ ಕೈಲೆ ಮಷೀನ್ ಮುಟ್ಟಿದ್ರ ಹಿಂಗ ಆಗ್ತದ! ಏ ಮೋನ್ಯಾ, ಇನ್ನ ಮುಂದ ಈ ಸುತ್ತಿನಾಗ ಯಾರ ಮಷೀನಿಗೂ ನಿನ್ನ ಕರೀಗೊಡಂಗಿಲ್ಲ ನಾ.” ಸುತ್ತ ಹತ್ತು ಹನ್ನೆರಡು ರೈತರು ನಿಂತಿದ್ದರು. ಕಾಶೆಪ್ಪ ಹೇಳಿದರೆ ಹೇಳಿದಂತೆಯೇ ಆಗುವ ಊರದು. ಮೋನಪ್ಪ ಬಿಚ್ಚಿದ ಬೋಲ್ಟುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲದ ಮೇಲೆ ಇಡುತ್ತಿದ್ದರು.

ತಟ್ಟೆ ನೋಡಿದೆ. ಒಂದು ಬೋಲ್ಟಿನ ತೂತಿನಿಂದ ಅಂಚಿನವರೆಗೆ ಕೂದಲಿನಂಥ ಬಿರುಕು. ಮೋನಪ್ಪನವರನ್ನು ಪಕ್ಕಕ್ಕೆ ಕರೆದು, “ಕಾಕಾ, ಹ್ಯಾಂಗ ಬಿಗದಿರಿ?” ಎಂದು ಕೇಳಿದೆ.

“ನೀವು ಬರದಂಗರಿ. ವಾಷರ್ ಕೂಡೋತನಕ. ಪಾನಾಕ್ಕ ಪೈಪ್ ಹಚ್ಚಿ ಜಗ್ಗಾಕತ್ತಿದ್ದೆ. ಇನ್ನಾ ಕೂತಿದ್ದಿಲ್ಲ, ಅಷ್ಟರಾಗ ಟಕ್ ಅಂತು.”

ಪಾನಾ ಎಂದರೆ ಸ್ಪ್ಯಾನರ್; ಅದಕ್ಕೆ ಪೈಪ್ ಹಚ್ಚಿದರೆ ಒಂದಕ್ಕೆ ಮೂರು ಪಟ್ಟು ಜೋರು ಬೀಳುತ್ತದೆ. ಮಷೀನಿನವರಿಗೆ ವಾಷರ್ ಕೂಡುವುದೆಂದರೆ ಅದು ಕಬ್ಬಿಣಕ್ಕೆ ಸಮನಾಗಿ ತಾಗಿ, ಅಲುಗಾಡದೆ ನಿಲ್ಲುವುದು. ಗಾಡಿ ಮಾಡುವವರಿಗೆ ಹಾಗಲ್ಲ. ವಾಷರ್ ಕಟ್ಟಿಗೆಯೊಳಗೆ ಇಳಿದು ಮೈಸಮನಾದರೆ ಮಾತ್ರ ಕೂತಿತು ಎನ್ನುತ್ತಾರೆ. ಕಟ್ಟಿಗೆ ಜಾಗ ಕೊಡುತ್ತದೆ; ಬೀಡು ಕಬ್ಬಿಣ ಕೊಡುವುದಿಲ್ಲ, ಒಡೆಯುತ್ತದೆ. ಪಾಪ, ಆ ಮನುಷ್ಯ ವಾಷರ್ ಕಬ್ಬಿಣದೊಳಗೆ ಇಳಿಯಲಿ ಎಂದು ಕಾಯುತ್ತ ಜಗ್ಗಿದ್ದರು! ಚೀಟಿ ನನ್ನದು, ಮಾತು ನನ್ನದು. ಆ ಚೀಟಿ ಅವರ ತಲೆಯ ರುಮಾಲಿನ ಮಡಿಕೆಯಲ್ಲೇ ಇತ್ತು, ಬಿಳಿ ತುದಿ ಕಾಣುತ್ತಿತ್ತು. ಅಷ್ಟು ಬೈಸಿಕೊಂಡರೂ ಅದನ್ನು ಹೊರಗೆ ತೆಗೆದಿರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೆಡ್ ಮಿಸ್ತ್ರಿ ಎಂಬ ಹೆಸರು ಅಡ್ಡ ಬಂತು. “ಮೊದಲ ಮಷೀನ್ ನೋಡೂಣ” ಎಂದು ಜಾರಿಕೊಂಡೆ. ಗುಡುಗು ಕೇಳಿಸಿತು. ಕಣದ ಸುತ್ತ ನಾಲ್ಕು ಸಲ ತಿರುಗಿದೆ, ಏನೂ ತೋಚಲಿಲ್ಲ.

ದಾರಿ ತೋರಿಸಿದ್ದೂ ಮೋನಪ್ಪನವರೇ. “ಗಾಡಿ ಗಾಲಿಗೆ ಪಟ್ಟಾ ಏರಿಸಿದಂಗ ಇದರ ಸುತ್ತ ಒಂದು ಏರಿಸಿದ್ರ ಹ್ಯಾಂಗರಿ? ಸೀಳು ತಾನ ಮುಚ್ಚತದ.” ಕಾಯಿಸಿದ ಕಬ್ಬಿಣದ ಬಳೆ ಆರುತ್ತ ಕುಗ್ಗಿ ಒಳಗಿನದನ್ನು ಅಪ್ಪಿ ಹಿಡಿಯುತ್ತದೆ. ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ! ಅವರ ಕುಲುಮೆಗೆ ಓಡಿದೆವು. ಹಳೆಯ ಗಾಡಿ ಪಟ್ಟಾ ಕಡಿದು, ಬಗ್ಗಿಸಿ, ಬೆಸೆದು, ಕೆಂಪಗೆ ಕಾಯಿಸಿ ತಟ್ಟೆಗೆ ಏರಿಸಿದರು. ಗಾಡಿ ಪಟ್ಟಾಕ್ಕೆ ನೀರು ಹೊಯ್ಯುವ ಅಭ್ಯಾಸಬಲದಿಂದ ಅವರ ಕೈ ನೀರಿನ ಕೊಡಕ್ಕೆ ಹೋಯಿತು. “ನೀರು ಬ್ಯಾಡ ಕಾಕಾ, ಬೀಡು ಅದು, ಮತ್ತ ಒಡೀತದ” ಎಂದು ಕೈ ಹಿಡಿದೆ. ಗಾಳಿಗೇ ಆರಲು ಬಿಟ್ಟೆವು. ಬಿರುಕು ಬೆರಳಿಗೆ ಸಿಗದಷ್ಟು ಮುಚ್ಚಿಕೊಂಡಿತು.

ಮಧ್ಯಾಹ್ನ ಮೂರಕ್ಕೆ ಕಣಕ್ಕೆ ಮರಳಿದೆವು. ಕಾಶೆಪ್ಪ ಅಡ್ಡ ನಿಂತರು. “ಮಿಸ್ತ್ರೀರ, ನೀವ ಬಿಗೀರಿ. ಅವ ಮುಟ್ಟೋದು ಬ್ಯಾಡ.”

ಮೋನಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಆ ಎರಡು ಹೆಜ್ಜೆ ನನ್ನಿಂದ ನೋಡಲಾಗಲಿಲ್ಲ. ಪಾನಾ ಅವರ ಕೈಗೆ ಕೊಟ್ಟು ಎಲ್ಲರಿಗೂ ಕೇಳುವಂತೆ ಹೇಳಿದೆ: “ತಪ್ಪು ನಂದರಿ. ಹ್ಯಾಂಗ ಬಿಗೀಬೇಕಂತ ಚೀಟಿ ಬರದಾವ ನಾನು, ಬರಾಬರ್ ಬರೀಲಿಲ್ಲ. ಅವರು ನಾ ಬರದಂಗ ಮಾಡ್ಯಾರ. ಈಗೂ ಅವರೇ ಬಿಗೀತಾರ.”

“ಹೌದಾ? ಎಲ್ಲದ ಆ ಚೀಟಿ? ತೋರಸ್ರಿ” ಎಂದರು ಕಾಶೆಪ್ಪ, ನಂಬದೆ.

ಮೋನಪ್ಪ ರುಮಾಲು ಸರಿಮಾಡಿಕೊಂಡರು. ಬಿಳಿ ತುದಿ ಒಳಗೆ ಹೋಯಿತು. “ಕಳದಾದರಿ” ಎಂದರು.

ನಾನು ಒಂದೊಂದೇ ಹೇಳುತ್ತ ಹೋದೆ. ಮೊದಲು ನಾಲ್ಕೂ ಬೋಲ್ಟ್ ಬರೀ ಬೆರಳಿನಿಂದ. ತಟ್ಟೆ ಎಲ್ಲ ಕಡೆ ಸಮನಾಗಿ ತಾಗಿದೆಯೇ ನೋಡುವುದು. ಆಮೇಲೆ ಒಂದರ ನಂತರ ಅದರ ಎದುರಿನದು, ಸ್ವಲ್ಪ ಸ್ವಲ್ಪವೇ. ಪೈಪ್ ಇಲ್ಲ. ಬಿಗಿ ಸಿಕ್ಕ ಮೇಲೆ ಕಾಲು ಸುತ್ತು, ಅಷ್ಟೇ. ಮೋನಪ್ಪ ಕಣ್ಣು ಮುಚ್ಚಿಕೊಂಡು ಬಿಗಿದರು. ಕೊನೆಯದಕ್ಕೆ ನಿಲ್ಲಿಸಿ, “ಸಾಕ್ರಿ, ಇದು ಇನ್ನ ಒಲ್ಲೆ ಅಂತದ” ಎಂದರು. ನಾನು ಪಾನಾ ಹಾಕಿ ನೋಡಿದೆ. ನಾನು ಬಿಗಿದಿದ್ದರೂ ಅಷ್ಟಕ್ಕೇ ನಿಲ್ಲಿಸುತ್ತಿದ್ದೆ.

ಬ್ಲೋವರ್ ತಿರುಗಿತು, ಹೊಟ್ಟು ಹಾರಿತು. ನಾಲ್ಕು ಹನಿ ಉದುರಿ ಮೋಡ ಚೆದುರಿತು. ಕಾಶೆಪ್ಪ ತಪ್ಪಾಯಿತು ಎನ್ನುವ ಜಾತಿಯವರಲ್ಲ. ಆದರೆ ಸಂಜೆ ಪಕ್ಕದ ಹೊಲದವರು ಮಷೀನು ತೋರಿಸಲು ಬಂದಾಗ, “ಮೋನಪ್ಪಗ ಕೇಳ್ರಿ” ಎಂದರು. ಮೋನ್ಯಾ ಎನ್ನಲಿಲ್ಲ.

ನಾನು ಬಸ್ ಹತ್ತುವಾಗ ಮೋನಪ್ಪ ಚೀಟಿ ತೆಗೆದು ನನ್ನ ಜೇಬಿಗಿಟ್ಟರು. “ನೀವು ಬಾಯಿಲೆ ಹೇಳಿದ್ರಲ್ಲ, ಸಾಕು. ನಿಮ್ಮ ಅಕ್ಷರ ಮಂದಿ ಕೈಯಾಗ ಯಾಕ ಬೀಳಬೇಕು?” ನನಗೆ ಅಳು ಬಂತು, ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಅಂದಿನಿಂದ ನಿವೃತ್ತಿಯವರೆಗೆ ಯಾವ ಹೊಸ ಸಾಮಾನು ಕಳಿಸಿದರೂ ಒಂದು ಹಾಳೆ ತುಂಬ ಬರೆದಿದ್ದೇನೆ. ಮೊದಲ ಕರಡನ್ನು ಬಸವಕಲ್ಯಾಣಕ್ಕೆ ಹೋಗಿ ಮೋನಪ್ಪನವರಿಗೇ ಓದಿ ಹೇಳಿದ್ದೆ. “ಕೂಡುವ” ಎಂಬ ಮಾತು ಬಂದಲ್ಲಿ ಅವರು ಕೈ ಎತ್ತಿದರು. ಆ ಪದ ಹೊಡೆದುಹಾಕಿದೆ.