ಅಪ್ಪ ಚಾಚಿದ ಕೈ

ನನ್ನ ಮದುವೆಯಾಗಿ ನಾಲ್ಕು ವರ್ಷವಾಯಿತು. ಮದುವೆಯ ವಿಡಿಯೋ ಹಾಕಿದಾಗ ಒಂದು ಜಾಗ ಬರುತ್ತಿದ್ದಂತೆ ನಾನು ಎದ್ದು ಹೋಗುತ್ತೇನೆ. ಇವತ್ತಿಗೂ ಮೈ ಉರಿಯುತ್ತದೆ.

ನಾವು ಶಿಡ್ಲಘಟ್ಟದ ಪ್ರೊಟೆಸ್ಟೆಂಟರು. ಅಪ್ಪ ರೇಷ್ಮೆಗೂಡಿನ ವ್ಯಾಪಾರಿ, ನಮ್ಮ ಸಭೆಯಲ್ಲಿ ಹಿರಿಯರು. ಕರ್ತನ ಭೋಜನದ ದಿನ, ಯೇಸುವಿನ ನೆನಪಿಗೆ ಎಲ್ಲರೂ ಒಂದೊಂದು ಚೂರು ರೊಟ್ಟಿ ತಿನ್ನುವಾಗ, ತಟ್ಟೆ ಹಿಡಿದು ಹಂಚುತ್ತಿದ್ದವರು. ಬೇರೆ ಊರಿನ ವಿಶ್ವಾಸಿಗಳು ಬಂದಿದ್ದರೆ ಮೊದಲು ಅವರಿಗೇ ಕೊಡುತ್ತಿದ್ದರು. ನನ್ನ ಗಂಡನ ಮನೆಯವರು ಚಿಕ್ಕಬಳ್ಳಾಪುರದ ಕ್ಯಾಥೊಲಿಕರು. ಮದುವೆ ಅವರ ಚರ್ಚಿನಲ್ಲಿ ಎಂದಾಗ ನಮ್ಮ ಸಭೆಯವರು, "ಆ ವಿಗ್ರಹಗಳ ಮುಂದೆ ಮಗಳನ್ನ ನಿಲ್ಲಿಸ್ತೀರಾ?" ಎಂದು ಮುಖ ಸಿಂಡರಿಸಿದರು. ಒಬ್ಬರೂ ಬರಲಿಲ್ಲ. "ಎಲ್ರಿಗೂ ಇರೋನು ಒಬ್ನೇ ಯೇಸು, ನಡಿಯಮ್ಮ" ಎಂದು ಅಪ್ಪನೇ ನನ್ನನ್ನು ಕರೆದುಕೊಂಡು ಹೋದರು.

ಮದುವೆಯ ಪೂಜೆಯಲ್ಲಿ ಪರಮಪ್ರಸಾದ, ಅಂದರೆ ಅವರ ಕರ್ತನ ಭೋಜನದ ರೊಟ್ಟಿ, ಕೊಡುವ ಹೊತ್ತು ಬಂತು. ಫಾದರ್ ನನ್ನ ಗಂಡನಿಗೆ ಕೊಟ್ಟು, ನನ್ನ ಹಣೆಗೆ ಬರೀ ಶಿಲುಬೆ ಗುರುತು ಹಾಕಿದರು. ಮದುಮಗಳಿಗೆ ಮಾಡುವ ಶಾಸ್ತ್ರ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಅಪ್ಪ ಸಾಲಿನಲ್ಲಿ ಬಂದು ಎರಡೂ ಕೈ ಚಾಚಿದರು.

"ನೀವು ಪ್ರೊಟೆಸ್ಟೆಂಟರಲ್ವಾ? ಆಶೀರ್ವಾದ ಮಾಡ್ತೀನಿ. ಇದನ್ನ ಕೊಡಕ್ಕಾಗಲ್ಲ" ಎಂದರು ಫಾದರ್.

ಮೆಲ್ಲಗೇ ಹೇಳಿದರು. ಆದರೆ ಕೊರಳಪಟ್ಟಿಯಲ್ಲಿದ್ದ ಮೈಕು ಅದನ್ನು ಇಡೀ ಚರ್ಚಿಗೆ ಕೇಳಿಸಿತು. "ತಪ್ಪಾಯ್ತು" ಎಂದು ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಏನು ತಪ್ಪು? ಮಗಳ ಮದುವೆಯಲ್ಲಿ ದೇವರ ಹೆಸರಿನ ರೊಟ್ಟಿಗೆ ಕೈಯೊಡ್ಡಿದ್ದು ತಪ್ಪೇ? ಹಾರ ಕಿತ್ತೆಸೆದು ಅಪ್ಪನ ಜೊತೆ ಹೊರಟುಬಿಡೋಣ ಅನ್ನಿಸಿತು.

ಅಪ್ಪನ ಹಿಂದೆಯೇ ನಿಂತಿದ್ದವರು ನನ್ನ ಅತ್ತೆ. ದಿನಾ ಬೆಳಿಗ್ಗೆ ಪೂಜೆಗೆ ಹೋಗದೆ ಕಾಫಿ ಕುಡಿಯದ ಹೆಂಗಸು. ಫಾದರ್ ಪ್ರಸಾದ ಎತ್ತಿ ಹಿಡಿದರೂ ಅವರು ಕೈ ಚಾಚಲಿಲ್ಲ.

"ಬೀಗರ್ನ ಬರಿಗೈಲಿ ಕಳ್ಸಿ ನಾನೆಂಗೆ ತಿನ್ಲಿ ಫಾದರ್? ನಮ್ಮನೇಲಿ ಅಂಥ ಪದ್ಧತಿ ಇಲ್ಲ."

ಮೈಕು ಅದನ್ನೂ ಕೇಳಿಸಿತು. ಅತ್ತೆ ಹೋಗಿ ಅಪ್ಪನ ಪಕ್ಕ ಕೂತರು.

ಆಮೇಲೆ ಫಾದರ್ ಮನೆಗೇ ಬಂದು ವಿವರಿಸಿದರು. ಅವರಿಗೆ ಅದು ಕ್ರಿಸ್ತನ ಶರೀರವೇ, ನಮಗೆ ಅವನ ನೆನಪು, ಹಾಗಾಗಿ ಕೊಡುವಂತಿಲ್ಲವಂತೆ. ತಿಳಿಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ನಮ್ಮ ಸಭೆಯವರು "ನಾವು ಮೊದ್ಲೇ ಹೇಳಿರಲಿಲ್ವಾ?" ಎಂದು ಖುಷಿಪಟ್ಟಾಗ ಇನ್ನೂ ಹೆಚ್ಚಾಯಿತು. ಫಾದರಿಗೂ ನಮ್ಮ ಸಭೆಯವರಿಗೂ ಗೆಲ್ಲುವುದು ಬೇಕಿತ್ತು. ಅಪ್ಪನ ಮುಖ ಹೇಗಾಗಿತ್ತೆಂದು ಅವರಲ್ಲಿ ಯಾರೂ ನೋಡಲಿಲ್ಲ.

ಈಗಲೂ ಅಪ್ಪ ಭಾನುವಾರ ಬಂದರೆ ನಮ್ಮ ಜೊತೆ ಚರ್ಚಿಗೆ ಬರುತ್ತಾರೆ. ಪ್ರಸಾದದ ಹೊತ್ತಿಗೆ ಬೆಂಚುಗಳೆಲ್ಲ ಖಾಲಿಯಾಗುತ್ತವೆ. ಅತ್ತೆ ಏಳುವುದಿಲ್ಲ.

"ನೀವ್ ಹೋಗ್ರಮ್ಮ" ಎನ್ನುತ್ತಾರೆ ಅಪ್ಪ.

"ಕೂತ್ಕೊಳ್ಳಣ್ಣ. ಮನೇಗೋಗಿ ಒಟ್ಟಿಗೆ ಉಣ್ಣಣ."